ಬಂಡಿ ಮೇಲೆ ಬಂದ ಕಲ್ಲು

ದಸರಾ ರಜೆಗೆ ಮಗಳು ನೋಡಬೇಕೆಂದದ್ದು ಈಜಿಪ್ಟಿನ ಗುಡಿಗಳನ್ನು. ಯಾವುದೋ ಪುಸ್ತಕದಲ್ಲಿ ಕಾರ್ನಾಕ್ ದೇವಾಲಯದ ಚಿತ್ರ ಸಿಕ್ಕಿತ್ತು. ಒಂದೇ ಕಲ್ಲಿನ ಚೂಪು ಕಂಬ, ಹತ್ತಿರಹತ್ತಿರ 30 ಮೀಟರ್ ಎತ್ತರ. "ಅಪ್ಪಾ, ಇಷ್ಟು ದೊಡ್ಡ ಕಲ್ಲು ಹ್ಯಾಂಗ ತಂದ್ರು?" ಈಜಿಪ್ಟಿಗೆ ಹೋಗುವ ದುಡ್ಡು ನಮ್ಮಲ್ಲಿಲ್ಲ. ಕಲ್ಮಲದಿಂದ ರಾಯಚೂರಿಗೆ ಬಸ್ ಚಾರ್ಜು ಇತ್ತು, ಅಲ್ಲಿನ ಕೋಟೆಯಲ್ಲೂ ಒಂದು ಭಾರಿ ಕಲ್ಲಿದೆ. ಅವ್ವನನ್ನೂ ಕರೆದುಕೊಂಡು ನಾಲ್ವರು ಹೊರಟೆವು.

ನಿಲ್ದಾಣದಲ್ಲಿ ಇಳಿದರೆ ಕೋಟೆ ಹತ್ತಿರವೇ. ಮೊದಲು ಸಿಗುವ ಹೊರಗೋಡೆ ಆದಿಲಶಾಹಿಗಳ ಕಾಲದ್ದು, ಒರಟು ಕಲ್ಲಿನದು. ಅಲ್ಲಿ ನಾವು ನಿಲ್ಲಲಿಲ್ಲ. ಒಳಗೋಡೆಯ ಬಳಿ ಬಂದಾಗ ಹೆಜ್ಜೆ ತಾನಾಗಿ ನಿಧಾನವಾಯಿತು. ನಯವಾಗಿ ಕಡೆದ ಭಾರಿ ಕಲ್ಲುಗಳು ಒಂದರ ಮೇಲೊಂದು ಕೂತಿವೆ, ನಡುವೆ ಗಾರೆಯೇ ಇಲ್ಲ. ಸಂದಿಯಲ್ಲಿ ಬಸ್ ಟಿಕೆಟ್ ತೂರಿಸಲು ನೋಡಿದೆ. ಕೆಲವು ಕಡೆ ಅದೂ ಹೋಗಲಿಲ್ಲ.

ಪಡುವಣ ಗೋಡೆಯಲ್ಲಿ ನಾವು ಹುಡುಕಿ ಬಂದ ಕಲ್ಲಿದೆ. ಗೋಡೆಯೊಳಗೇ ಸೇರಿಹೋಗಿರುವುದರಿಂದ ಮೊದಲ ಸಲ ದಾಟಿಯೇ ಹೋದೆವು. ಉದ್ದ 41 ಅಡಿ 3 ಅಂಗುಲ. ನಾವು ಬಂದ ಬಸ್ಸೇ ಇದಕ್ಕಿಂತ ಗಿಡ್ಡ ಎಂದಾಗ ಮಗಳು ನಂಬಲಿಲ್ಲ, ಹಿಂದೆ ಮುಂದೆ ನಡೆದು ಹೆಜ್ಜೆ ಎಣಿಸಿದಳು.

ಕಲ್ಲಿನ ಮೇಲಿರುವುದು 1294ರ ತೆಲುಗು ಶಾಸನ. ನನ್ನ ಹೆಂಡತಿಗೆ ತೆಲುಗು ಓದಲು ಬರುತ್ತದೆ, ಆದರೆ ಏಳು ನೂರು ವರ್ಷದ ಹಿಂದಿನ ಅಕ್ಷರ ಅವಳಿಗೂ ದಕ್ಕಲಿಲ್ಲ. ಒಂದೆರಡು ಅಕ್ಷರ ನನ್ನ ಕನ್ನಡಕ್ಕೇ ಪರಿಚಯದವು ಅನ್ನಿಸಿದವು, ಸರಿಯೋ ತಪ್ಪೋ. ಕಾಕತೀಯರ ದಂಡನಾಯಕನೊಬ್ಬ ಆದವಾನಿ, ತುಂಬಳ, ಮಾನುವ, ಹಾಲುವಗಳನ್ನು ಗೆದ್ದ ಮೇಲೆ ಹಾಕಿಸಿದ್ದಿದು. ಮಾನುವ ಅಂದರೆ ಮಾನ್ವಿ, ಅವ್ವನ ತವರು. "ನಮ್ಮೂರು ಗೆದ್ದು ಇಲ್ಲಿ ಕಲ್ಲು ನಿಲ್ಸ್ಯಾರೇನು!" ಎಂದು ಅವ್ವ ಸೆರಗು ಸರಿಮಾಡಿಕೊಂಡು ಕಲ್ಲನ್ನು ದಿಟ್ಟಿಸಿದಳು.

ಆದರೆ ಮಗಳಿಗೆ ಉತ್ತರ ಸಿಕ್ಕಿದ್ದು ಬರಹದಲ್ಲಲ್ಲ, ಅದರ ಬಲಗಡೆ ಕೊರೆದ ಚಿತ್ರದಲ್ಲಿ. ಇದೇ ಕಲ್ಲನ್ನು ಬಂಡಿಯ ಮೇಲೆ ಹೇರಿ ತರುತ್ತಿದ್ದಾರೆ. ಉದ್ದನೆಯ ಬಂಡಿ, ಆರೆಗಳಿಲ್ಲದ ಇಡಿ ಮರದ ಗಾಲಿ. ಮುಂದೆ ಸಾಲುಸಾಲು ದನ. ಹೊಡೆಯುವವರು ಹುರಿದುಂಬಿಸುತ್ತಿದ್ದಾರೆ, ಗಾಲಿಗಳ ಹತ್ತಿರ ನಿಂತವರು ಮೀಟುಗೋಲು ಕೊಟ್ಟು ದೂಡುತ್ತಿದ್ದಾರೆ. ಎಳೆಯುವವು ಎತ್ತೋ ಕೋಣವೋ ಎಂದು ನಮ್ಮಲ್ಲಿ ವಾದ ಹತ್ತಿತು. ಅವ್ವ ಕೋಣ ಅಂದಳು. ಬಲ್ಲವರೂ ಕೋಣವೆಂದೇ ಬರೆದಿದ್ದಾರೆ. ನನ್ನ ಅನುಮಾನ ಪೂರಾ ಹೋಗಿಲ್ಲ.

ಈಜಿಪ್ಟಿನಲ್ಲೂ ಇಂಥದೊಂದು ಚಿತ್ರವಿದೆ. ದೇರ್ ಎಲ್ ಬಹರಿಯ ಗುಡಿಯ ಗೋಡೆಯಲ್ಲಿ, ಸುಮಾರು 3500 ವರ್ಷದ ಹಿಂದಿನದು. ಎರಡು ಕಂಬಗಳನ್ನು ದೊಡ್ಡ ದೋಣಿಯಲ್ಲಿ ಮಲಗಿಸಿದ್ದಾರೆ, ಹುಟ್ಟು ಹಾಕುವ ಸಣ್ಣ ದೋಣಿಗಳು ಅದನ್ನು ಎಳೆಯುತ್ತಿವೆ. ಅವರಿಗೆ ಅಸ್ವಾನಿನ ಕಲ್ಲುಗಣಿಯಿಂದ ಕಾರ್ನಾಕ್‌ವರೆಗೆ ನೈಲ್ ನದಿಯೇ ದಾರಿಯಾಗಿತ್ತು. ನಮ್ಮದು ಎಡೆದೊರೆ ನಾಡು ನಿಜ, ಬಡಗಲಲ್ಲಿ ಕೃಷ್ಣೆ, ತೆಂಕಲಲ್ಲಿ ತುಂಗಭದ್ರೆ. ಆದರೆ ಕೋಟೆ ಇರುವುದು ನಡುವಿನ ಒಣನೆಲದಲ್ಲಿ. ಇಲ್ಲಿ ದನದ ಹೆಗಲೇ ಗತಿ. ಅಸ್ವಾನಿನಲ್ಲಿ ಸುಮಾರು 42 ಮೀಟರ್ ಉದ್ದದ ಕಂಬವೊಂದು ಕಡೆಯುವಾಗಲೇ ಸೀಳಿ, ಗಣಿಯಲ್ಲೇ ಉಳಿದಿದೆ ಎಂದೆ. "ಹಂಗಾರ ನಮ್ದು ಒಡೀಲಿಲ್ಲ" ಎಂದಳು ಮಗಳು, ತಾನೇ ಎಳೆದು ತಂದವಳ ಹಾಗೆ.

ಗೆದ್ದವನ ಹೊಗಳಿಕೆ ಶಾಸನಗಳಲ್ಲಿ ಬೇಕಾದಷ್ಟಿದೆ. ಗಾಲಿಗೆ ಮೀಟುಗೋಲು ಕೊಟ್ಟವನನ್ನು ಅದೇ ಕಲ್ಲಿನಲ್ಲಿ ಕೊರೆದದ್ದನ್ನು ನಾನು ಬೇರೆ ಕಡೆ ಕಂಡಿಲ್ಲ. ನನಗಂತೂ ಬರಹಕ್ಕಿಂತ ಈ ಚಿತ್ರವೇ ದೊಡ್ಡದು.

ಇದೇ ಗೋಡೆಯ ಇನ್ನೊಂದು ಕಡೆ ಕೋಟೆಯ ಗೋಡೆ, ಬಾಗಿಲುಗಳ ಗೆರೆಚಿತ್ರವೂ ಉಂಟು. ಅಷ್ಟರಲ್ಲಿ ಅವ್ವನಿಗೆ ಕಾಲು ನೋವು ಬಂದಿತ್ತು, ಸರಿಯಾಗಿ ನೋಡಲಾಗಲಿಲ್ಲ. ನೀವು ಹೋದರೆ ಇಳಿಹೊತ್ತಿಗೆ ಹೋಗಿ. ಗೆರೆಗಳು ತೆಳು, ಓರೆಬಿಸಿಲು ಬಿದ್ದಾಗಲೇ ಬಂಡಿ ಚೆನ್ನಾಗಿ ಕಾಣುತ್ತದೆ.