ಚಾಪೆಲ್ಲಿನೊಳಗೆ ಎದ್ದ ಪ್ರಶ್ನೆ

1839ರಲ್ಲಿ ಇಂಗ್ಲೆಂಡಿನ ಚೆಲ್ಮ್ಸ್‌ಫರ್ಡ್ ಪಟ್ಟಣದಲ್ಲಿ ಜಾನ್ ಥೊರೊಗುಡ್ ಎಂಬ ಬೂಟು ಹೊಲಿಯುವ ಕಸುಬಿನವನನ್ನು ಜೈಲಿಗೆ ಹಾಕಿದರು. ಆ ಕಾಲದಲ್ಲಿ ಊರಿನ ಚರ್ಚಿನ ರಿಪೇರಿಗೂ ಪೂಜೆಯ ಸಾಮಗ್ರಿಗೂ ಎಂದು ಮನೆಮನೆಗೆ ತೆರಿಗೆ ಹಾಕುತ್ತಿದ್ದರು. ಆ ಚರ್ಚಿನ ಮೆಟ್ಟಿಲು ಹತ್ತದವರೂ ಅದನ್ನು ತೆರಬೇಕಿತ್ತು. ಥೊರೊಗುಡ್‌ನ ಪಾಲಿಗೆ ಬಂದದ್ದು ಐದು ಶಿಲ್ಲಿಂಗ್ ಆರು ಪೆನ್ಸ್. ಕೊಡುವುದಿಲ್ಲ ಎಂದ. ಚರ್ಚಿನ ನ್ಯಾಯಾಲಯ ಕರೆಸಿದಾಗ ಹೋಗಲೂ ಇಲ್ಲ. ಆ ತಪ್ಪಿಗೆ ಒಂದು ವರ್ಷಕ್ಕೂ ಮಿಕ್ಕಿ ಸೆರೆಯಲ್ಲಿದ್ದ. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ.

ಥೊರೊಗುಡ್‌ನಂಥವರನ್ನು ‘ಡಿಸೆಂಟರ್’ ಎಂದು ಕರೆಯುತ್ತಿದ್ದರು, ‘ನಾನ್‌ಕನ್‌ಫಾರ್ಮಿಸ್ಟ್’ ಎಂಬ ಹೆಸರೂ ಬಳಕೆಯಲ್ಲಿತ್ತು. ಇವರೂ ಪ್ರಾಟೆಸ್ಟೆಂಟ್ ಕ್ರೈಸ್ತರೇ, ಆದರೆ ರಾಜಮನ್ನಣೆಯ ಚರ್ಚ್ ಆಫ್ ಇಂಗ್ಲೆಂಡಿಗೆ ಸೇರದವರು. 1662ರಲ್ಲಿ ಸರ್ಕಾರ ಒಂದೇ ಪ್ರಾರ್ಥನಾ ಪುಸ್ತಕವನ್ನು ಎಲ್ಲ ಪಾದ್ರಿಗಳ ಮೇಲೆ ಹೇರಿದಾಗ ಒಪ್ಪದ ಸುಮಾರು 2000 ಮಂದಿ ತಮ್ಮ ಸ್ಥಾನ ಕಳೆದುಕೊಂಡರು. ಕಾಂಗ್ರಿಗೇಶನಲ್, ಬ್ಯಾಪ್ಟಿಸ್ಟ್, ಪ್ರೆಸ್ಬಿಟೇರಿಯನ್, ಕ್ವೇಕರ್ ಪಂಗಡಗಳ ನೆನಪು ಆ ಕಾಲಕ್ಕೆ ಹೋಗಿ ನಿಲ್ಲುತ್ತದೆ. ಪ್ರೆಸ್ಬಿಟೇರಿಯನ್ ಸಭೆಗಳಲ್ಲಿ ಹಲವು ಕಾಲಕ್ರಮೇಣ ತ್ರಿಯೇಕ ದೇವರ ತತ್ತ್ವವನ್ನು ಬಿಟ್ಟು ಯೂನಿಟೇರಿಯನ್ ಆದವು. ಮೆಥಡಿಸ್ಟರು 18ನೆಯ ಶತಮಾನದಲ್ಲಿ ಬಂದು ಸೇರಿದರು.

ರಾಣಿಯ ಕಾಲ ಆರಂಭವಾಗುವ ಹೊತ್ತಿಗೆ ಕಟ್ಟುಗಳು ಒಂದೊಂದಾಗಿ ಸಡಿಲಗೊಳ್ಳುತ್ತಿದ್ದವು. ಇವರನ್ನು ಸರ್ಕಾರಿ ಹುದ್ದೆಗಳಿಂದ ದೂರವಿಟ್ಟಿದ್ದ ಕಾಯಿದೆಗಳು 1828ರಲ್ಲಿ ರದ್ದಾದವು. 1836ರ ಕಾಯಿದೆ ಬರುವವರೆಗೆ, ಕ್ವೇಕರರನ್ನು ಬಿಟ್ಟರೆ, ಡಿಸೆಂಟರುಗಳ ಮದುವೆಯೂ ಸರ್ಕಾರಿ ಚರ್ಚಿನಲ್ಲೇ ಆಗಬೇಕಿತ್ತು. ಆಕ್ಸ್‌ಫರ್ಡ್ ಸೇರಬೇಕಾದರೆ 1854ರವರೆಗೂ ಆಂಗ್ಲಿಕನ್, ಅಂದರೆ ಸರ್ಕಾರಿ ಚರ್ಚಿನ, ಸಿದ್ಧಾಂತದ 39 ವಿಧಿಗಳಿಗೆ ಸಹಿ ಹಾಕಬೇಕಿತ್ತು. ಬೋಧಕ ಹುದ್ದೆಗಳಿಗೆ ಇದ್ದ ಇಂಥ ಷರತ್ತು ಬಹುಮಟ್ಟಿಗೆ ಹೋದದ್ದು 1871ರಲ್ಲಿ. ಥೊರೊಗುಡ್ ಕೊಡದ ತೆರಿಗೆಯ ಕಡ್ಡಾಯ ತೊಲಗಿದ್ದು 1868ರಲ್ಲಿ. ಊರ ಸ್ಮಶಾನದಲ್ಲಿ ತಮ್ಮದೇ ಬೋಧಕನಿಂದ ಪ್ರಾರ್ಥನೆ ಮಾಡಿಸಿ ಶವ ಹೂಳುವ ಹಕ್ಕಂತೂ 1880ರಲ್ಲಿ ಸಿಕ್ಕಿತು. ಸತ್ತ ಕೂಸನ್ನು ಮಣ್ಣು ಮಾಡುವಾಗಲೂ ಸರ್ಕಾರಿ ಚರ್ಚಿನ ಪಾದ್ರಿಯ ಅನುಮತಿಗೆ ಕಾಯಬೇಕಾಗಿದ್ದ ತಂದೆತಾಯಿಯರ ಸಂಕಟವನ್ನು ನೆನೆದರೆ, ಈ ಹೋರಾಟ ಅಷ್ಟು ಬಿಗಿಯಾಗಿ ಯಾಕೆ ನಡೆಯಿತೆಂಬುದು ಅರ್ಥವಾಗುತ್ತದೆ.

ಅವರ ಸಂಖ್ಯೆಯೂ ಕಡಿಮೆಯಿರಲಿಲ್ಲ. 1851ರ ಮಾರ್ಚ್ 30ರ ಭಾನುವಾರ ಸರ್ಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನ ಎಲ್ಲ ಆರಾಧನಾಲಯಗಳ ಹಾಜರಾತಿ ಎಣಿಸಿತು. ಅಂದಿನ ಒಟ್ಟು ಹಾಜರಾತಿಯಲ್ಲಿ ಸರ್ಕಾರಿ ಚರ್ಚಿನ ಪಾಲು ಅರ್ಧಕ್ಕಿಂತ ತುಸು ಕಡಿಮೆಯೇ ಇತ್ತು. ಉಳಿದದ್ದರಲ್ಲಿ ಬಹುಪಾಲು ಚಾಪೆಲ್ಲುಗಳದು, ಅಂದರೆ ಡಿಸೆಂಟರುಗಳ ಆರಾಧನಾಲಯಗಳದು. ಇಡೀ ದೇಶದ ಚರ್ಚು ತಾನೆಂದು ಹೇಳಿಕೊಳ್ಳುತ್ತಿದ್ದ ಸಂಸ್ಥೆಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕಿರಲಿಲ್ಲ.

ಕಾಂಗ್ರಿಗೇಶನಲ್ ಮತ್ತು ಬ್ಯಾಪ್ಟಿಸ್ಟ್ ಚಾಪೆಲ್ಲಿಗೆ ಬಿಷಪ್ಪರಿರಲಿಲ್ಲ. ಸದಸ್ಯರೇ ಸಭೆ ಸೇರಿ ಬೋಧಕನನ್ನು ಆರಿಸುತ್ತಿದ್ದರು, ತಮ್ಮ ಕಾಣಿಕೆಯಿಂದ ಅವನನ್ನು ಸಾಕುತ್ತಿದ್ದರು. ಮೆಥಡಿಸ್ಟರಲ್ಲಿ ಕೂಲಿಕಾರರೂ ಗಣಿ ಕೆಲಸಗಾರರೂ ಪ್ರಸಂಗ ಮಾಡುತ್ತಿದ್ದರು. 1872ರಲ್ಲಿ ಕೃಷಿ ಕಾರ್ಮಿಕರ ರಾಷ್ಟ್ರೀಯ ಸಂಘ ಕಟ್ಟಿದ ಜೋಸೆಫ್ ಆರ್ಚ್ ಪ್ರಿಮಿಟಿವ್ ಮೆಥಡಿಸ್ಟ್ ಪ್ರಸಂಗಿ. ಜನರೆದುರು ನಿಂತು ಮಾತಾಡುವುದನ್ನು ಅವನು ಕಲಿತದ್ದು ಚಾಪೆಲ್ಲಿನಲ್ಲಿ.

ನಂಬಿಕೆಯ ವಿಷಯದಲ್ಲಿ ಪ್ರಭುತ್ವಕ್ಕೆ ಮಾತಿಲ್ಲ, ಮನಸ್ಸಾಕ್ಷಿಗೆ ದೇವರೊಬ್ಬನೇ ಒಡೆಯ. ಇದು ಇವರು ಎಲ್ಲರ ಮುಂದೆ ಇಟ್ಟ ತತ್ತ್ವ. ಹಾಗಾದರೆ ಚಾಪೆಲ್ಲಿನೊಳಗೇ ಒಬ್ಬನ ಮನಸ್ಸಾಕ್ಷಿ ಬೇರೆ ಮಾತು ಹೇಳಿದರೆ ಏನು ಮಾಡಬೇಕು? ಈ ಪ್ರಶ್ನೆ ಅವರನ್ನು ಅರ್ಧ ಶತಮಾನ ಕಾಡಿತು. ಜರ್ಮನಿಯ ವಿದ್ವಾಂಸರು ಬೈಬಲನ್ನು ಉಳಿದ ಪ್ರಾಚೀನ ಗ್ರಂಥಗಳಂತೆಯೇ ಪರೀಕ್ಷಿಸಿ, ಮೋಶೆಯ ಹೆಸರಿನ ಪುಸ್ತಕಗಳು ಒಬ್ಬನ ಬರಹವಲ್ಲ ಎನ್ನತೊಡಗಿದ್ದರು. ಪಾಪಿಗಳಿಗೆ ಕೊನೆಯೇ ಇಲ್ಲದ ನರಕವೆಂಬ ಬೋಧನೆ ದಯಾಮಯ ದೇವರಿಗೆ ಒಪ್ಪುವುದೇ ಎಂಬ ತಳಮಳವೂ ಹೆಚ್ಚುತ್ತಿತ್ತು.

1852ರಲ್ಲಿ ಲಂಡನ್ನಿನ ನ್ಯೂ ಕಾಲೇಜು, ಕಾಂಗ್ರಿಗೇಶನಲ್ ಬೋಧಕರನ್ನು ತಯಾರು ಮಾಡುತ್ತಿದ್ದ ಸಂಸ್ಥೆ, ಮೂವರು ವಿದ್ಯಾರ್ಥಿಗಳನ್ನು ಹೊರಹಾಕಿತು. ಬೈಬಲ್ ದೈವಪ್ರೇರಿತವೆಂದರೆ ಏನರ್ಥ, ಯಾವ ಪುಸ್ತಕ ಅದರಲ್ಲಿ ಸೇರಬೇಕೆಂದು ತೀರ್ಮಾನಿಸಿದವರು ಯಾರು ಎಂದು ಅವರು ಕೇಳಿದ್ದರು. ಮೂವರಲ್ಲೊಬ್ಬ ಬೆಡ್‌ಫರ್ಡಿನ ವಿಲಿಯಂ ಹೇಲ್ ವೈಟ್. ಮಗನನ್ನು ಸಮರ್ಥಿಸಿ ತಂದೆ ಒಂದು ಕಿರುಹೊತ್ತಿಗೆ ಬರೆದು ಅಚ್ಚು ಹಾಕಿಸಿದ. ಯೋಚಿಸಬೇಕೋ ಯೋಚಿಸಬಾರದೋ ಎಂಬುದೇ ಅದರ ಶೀರ್ಷಿಕೆ. ತಾನು ಹುಟ್ಟಿ ಬೆಳೆದ ಸಮುದಾಯದ ಎದುರು ಹೀಗೆ ನಿಂತ ಆ ತಂದೆಯ ಧೈರ್ಯವನ್ನು ನಾನು ದೊಡ್ಡದೆಂದು ಎಣಿಸುತ್ತೇನೆ. ಮಗ ಬೋಧಕನಾಗಲಿಲ್ಲ, ನೌಕಾಪಡೆಯ ಇಲಾಖೆಯಲ್ಲಿ ಗುಮಾಸ್ತನಾದ. 1881ರಲ್ಲಿ ‘ಮಾರ್ಕ್ ರುದರ್‌ಫರ್ಡ್’ ಎಂಬ ಹೆಸರಿನಲ್ಲಿ ಅವನು ಬರೆದ ಆತ್ಮಕಥಾರೂಪದ ಕಾದಂಬರಿ, ನಂಬಿಕೆ ಸವೆಯುತ್ತಾ ಹೋದ ಚಾಪೆಲ್ ಬೋಧಕನೊಬ್ಬನ ಒಂಟಿತನವನ್ನು ಕಾಣಿಸುತ್ತದೆ. ಆ ಲೋಕವನ್ನು ಒಳಗಿನಿಂದ ತಿಳಿಯಬೇಕೆನ್ನುವವರು ಮೊದಲು ಓದಬೇಕಾದ ಪುಸ್ತಕ ಅದು.

ಇಂಥ ಘಟನೆಗಳು ಮುಂದುವರಿದವು. ಥಾಮಸ್ ಲಿಂಚ್ ಎಂಬ ಬೋಧಕ 1855ರಲ್ಲಿ ಪ್ರಕಟಿಸಿದ ಭಕ್ತಿಗೀತೆಗಳಲ್ಲಿ ಹೂವು, ಹೊಳೆ, ಬೆಳಕು ತುಂಬಿದ್ದವು. ಅವುಗಳಲ್ಲಿ ಯೇಸುವಿನ ಬಲಿದಾನದ ಸಿದ್ಧಾಂತ ಸಾಲದೆಂದು ಪತ್ರಿಕೆಗಳು ಮುಗಿಬಿದ್ದವು. ಹದಿನೈದು ಮಂದಿ ಬೋಧಕರು ಅವನ ಪರವಾಗಿ ಸಹಿ ಹಾಕಿದರು. ಜಗಳ ಎಷ್ಟು ಕಾವೇರಿತೆಂದರೆ ಕಾಂಗ್ರಿಗೇಶನಲ್ ಒಕ್ಕೂಟ ತನ್ನ 1856ರ ಶರತ್ಕಾಲದ ಸಮಾವೇಶವನ್ನೇ ಮುಂದೂಡಿತು. ಮರುವರ್ಷ ಸ್ಯಾಮ್ಯುಯೆಲ್ ಡೇವಿಡ್ಸನ್ ಎಂಬ ಪ್ರಾಧ್ಯಾಪಕ ಹಳೆಯ ಒಡಂಬಡಿಕೆಯ ಬಗ್ಗೆ ಬರೆದ ಗ್ರಂಥಕ್ಕಾಗಿ ಲ್ಯಾಂಕಶೈರ್ ಇಂಡಿಪೆಂಡೆಂಟ್ ಕಾಲೇಜಿನ ಕೆಲಸ ಬಿಡಬೇಕಾಯಿತು.

ಇದೇ ಹೊತ್ತಿನಲ್ಲಿ ಸರ್ಕಾರಿ ಚರ್ಚಿನಲ್ಲಿ ಏನಾಯಿತೆಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು. 1860ರಲ್ಲಿ ಏಳು ಮಂದಿ ಆಂಗ್ಲಿಕನ್ ಲೇಖಕರು ಹೊಸ ಬೈಬಲ್ ವಿಮರ್ಶೆಯನ್ನು ಸ್ವಾಗತಿಸಿ ಒಂದು ಪ್ರಬಂಧ ಸಂಕಲನ ತಂದರು. ಅವರಲ್ಲಿ ಇಬ್ಬರು ಪಾದ್ರಿಗಳ ಮೇಲೆ ಮೊಕದ್ದಮೆ ಹೂಡಲಾಯಿತು. 1864ರಲ್ಲಿ ಪ್ರಿವಿ ಕೌನ್ಸಿಲಿನ ನ್ಯಾಯಸಮಿತಿ ಇಬ್ಬರನ್ನೂ ಬಿಟ್ಟಿತು. ನರಕ ನಿತ್ಯವಾದುದೆಂದು ನಂಬಲೇಬೇಕೆನ್ನುವ ಕಟ್ಟು ಚರ್ಚಿನ ಕಾನೂನಿನಲ್ಲಿ ಇಲ್ಲವೆಂಬುದು ತೀರ್ಪಿನ ಸಾರ. ಸುಮಾರು 11,000 ಪಾದ್ರಿಗಳು ಇದರ ವಿರುದ್ಧ ಸಹಿ ಹಾಕಿದರೂ ತೀರ್ಪು ಬದಲಾಗಲಿಲ್ಲ. ಡಿಸೆಂಟರುಗಳು ಯಾವ ಪ್ರಭುತ್ವವನ್ನು ಧರ್ಮದಿಂದ ಹೊರಗಿಡಬೇಕೆಂದು ಹೋರಾಡುತ್ತಿದ್ದರೋ ಅದೇ ಪ್ರಭುತ್ವದ ನ್ಯಾಯಾಲಯ ಸಂಶಯಪಟ್ಟ ಪಾದ್ರಿಗೆ ಆಸರೆಯಾಯಿತು. ಚಾಪೆಲ್ಲಿನ ಬೋಧಕನಿಗೆ ಆ ಆಸರೆ ಇರಲಿಲ್ಲ. ಸದಸ್ಯರು ಮುಖ ತಿರುಗಿಸಿದರೆ ಅವನ ಅನ್ನವೇ ಹೋಗುತ್ತಿತ್ತು. ಅನೇಕ ಕಡೆ ಚಾಪೆಲ್ಲಿನ ಟ್ರಸ್ಟ್ ಪತ್ರದಲ್ಲೇ ಒಪ್ಪಬೇಕಾದ ಸಿದ್ಧಾಂತಗಳನ್ನು ಬರೆದಿಟ್ಟಿದ್ದರು. ಹಾಗೆಂದು ಡಿಸೆಂಟರುಗಳ ವಾದ ಸುಳ್ಳಾಯಿತೆಂದು ನಾನು ಹೇಳುವುದಿಲ್ಲ. ಕೋರ್ಟು ಬಿಡಿಸಿಕೊಟ್ಟದ್ದು ಒಬ್ಬನ ಹುದ್ದೆಯನ್ನು. ಚಾಪೆಲ್ಲಿನವರು ಎದುರಿಸಿದ್ದು ಇನ್ನೂ ಕಷ್ಟದ ಕೆಲಸ: ಕಾನೂನಿನ ಬಲವಿಲ್ಲದೆ, ಪರಸ್ಪರ ಮಾತಾಡಿಕೊಂಡು, ಯಾವುದು ಬಿಡಲಾಗದ್ದು ಯಾವುದು ಬಿಡಬಹುದಾದದ್ದು ಎಂದು ಬೇರ್ಪಡಿಸುವುದು.

ಆ ಮಾತುಕತೆ ನಿಧಾನವಾಗಿ ಫಲ ಕೊಟ್ಟಿತು. ಕಾಂಗ್ರಿಗೇಶನಲ್ ಬೋಧಕ ಎಡ್ವರ್ಡ್ ವೈಟ್ 1846ರಲ್ಲಿ, ಅಮರತ್ವ ಎಲ್ಲ ಆತ್ಮಗಳ ಸಹಜಗುಣವಲ್ಲ, ಅದು ಕ್ರಿಸ್ತನಲ್ಲಿ ಇರುವವರಿಗೆ ಸಿಗುವ ವರ, ಉಳಿದವರು ನಿತ್ಯ ಯಾತನೆ ಪಡುವುದಿಲ್ಲ, ಕೊನೆಗೆ ಇಲ್ಲವಾಗುತ್ತಾರೆ ಎಂದು ಬರೆದ. ಅವನಿಂದ ಜನ ದೂರ ಸರಿದರು. ಬರ್ಮಿಂಗ್‌ಹ್ಯಾಮಿನ ಕಾರ್ಸ್ ಲೇನ್ ಚಾಪೆಲ್ಲಿನ ಪ್ರಭಾವಿ ಬೋಧಕ ಆರ್. ಡಬ್ಲ್ಯು. ಡೇಲ್ 1870ರ ದಶಕದಲ್ಲಿ ಅದೇ ಅಭಿಪ್ರಾಯ ತನ್ನದೂ ಎಂದ. 1886ರಲ್ಲಿ ಕಾಂಗ್ರಿಗೇಶನಲ್ ಒಕ್ಕೂಟ ಎಡ್ವರ್ಡ್ ವೈಟನನ್ನೇ ತನ್ನ ಅಧ್ಯಕ್ಷನನ್ನಾಗಿ ಆರಿಸಿತು.

ಮರುವರ್ಷವೇ ಬ್ಯಾಪ್ಟಿಸ್ಟರಲ್ಲಿ ಬಿರುಗಾಳಿ ಎದ್ದಿತು. ಚಾರ್ಲ್ಸ್ ಸ್ಪರ್ಜನ್ ಆ ಯುಗದ ಅತಿ ಜನಪ್ರಿಯ ಪ್ರಸಂಗಿ. 1861ರಲ್ಲಿ ಲಂಡನ್ನಿನಲ್ಲಿ ತೆರೆದ ಅವನ ಮೆಟ್ರೊಪಾಲಿಟನ್ ಟ್ಯಾಬರ್ನೇಕಲ್‌ನಲ್ಲಿ ಸುಮಾರು 6000 ಜನ ಸೇರುತ್ತಿದ್ದರು. ಬೋಧಕರು ಬೈಬಲಿನ ಮೇಲಿನ ಭರವಸೆ ಬಿಟ್ಟು ಇಳಿಜಾರಿನಲ್ಲಿ ಜಾರುತ್ತಿದ್ದಾರೆ ಎಂದು ಅವನ ಪತ್ರಿಕೆ ಎಚ್ಚರಿಸಿತು. ಬ್ಯಾಪ್ಟಿಸ್ಟ್ ಒಕ್ಕೂಟಕ್ಕೆ ಆಗ ನಂಬುವವರಿಗೆ ನೀರಿನಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಡಬೇಕೆಂಬುದಕ್ಕಿಂತ ಹೆಚ್ಚಿನ ಲಿಖಿತ ಸಿದ್ಧಾಂತವಿರಲಿಲ್ಲ. ಅದು ಸಾಲದು ಎಂದ ಸ್ಪರ್ಜನ್ 1887ರ ಅಕ್ಟೋಬರಿನಲ್ಲಿ ಒಕ್ಕೂಟ ಬಿಟ್ಟ. ತಪ್ಪು ಬೋಧಿಸುವವರ ಹೆಸರು ಹೇಳಲು ಒಪ್ಪದಿದ್ದುದರಿಂದ 1888ರ ಜನವರಿಯಲ್ಲಿ ಒಕ್ಕೂಟದ ಮಂಡಳಿ ಅವನನ್ನು ಖಂಡಿಸಿತು. 1892ರಲ್ಲಿ ಅವನು ತೀರಿಕೊಂಡಾಗಲೂ ಬಿರುಕು ಹಾಗೆಯೇ ಇತ್ತು. ಅವನ ಹಟ ಅತಿಯಾಯಿತೆಂದು ನನಗನ್ನಿಸಿದರೂ, ಹೊರಟುಹೋಗುವುದರಿಂದ ಅವನಿಗೆ ಲಾಭವೇನೂ ಇರಲಿಲ್ಲವೆಂಬುದನ್ನು ಮರೆಯಬಾರದು. ತನ್ನ ಮನಸ್ಸಾಕ್ಷಿ ಹೇಳಿದ್ದನ್ನೇ ಅವನೂ ಮಾಡಿದ.

ಈ ಇತಿಹಾಸದ ಒಂದು ಕವಲು ಕನ್ನಡ ನಾಡಿಗೂ ಹರಿದಿದೆ. ಬಹುಮಟ್ಟಿಗೆ ಕಾಂಗ್ರಿಗೇಶನಲ್ ಆಗಿದ್ದ ಲಂಡನ್ ಮಿಷನರಿ ಸೊಸೈಟಿ ಬಳ್ಳಾರಿ, ಬೆಂಗಳೂರುಗಳಲ್ಲಿ ಕೆಲಸ ಮಾಡಿತು, ವೆಸ್ಲಿಯನ್ ಮೆಥಡಿಸ್ಟರು ಮೈಸೂರು ಸೀಮೆಯಲ್ಲಿ. ನಮ್ಮ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕ’ ಸಂಪುಟಗಳಲ್ಲಿ ಸಂಗ್ರಹಿಸಿದ ಬಿ. ಎಲ್. ರೈಸ್ ಬೆಂಗಳೂರಿನಲ್ಲಿ ಹುಟ್ಟಿದ್ದು ಆ ಸೊಸೈಟಿಯ ಮಿಷನರಿಯೊಬ್ಬರ ಮಗನಾಗಿ. ತಮ್ಮ ಸಭೆಯ ಆಡಳಿತ ಹೇಗಿರಬೇಕೆಂಬುದನ್ನು ಹೊಸ ಕ್ರೈಸ್ತರೇ ತೀರ್ಮಾನಿಸಲಿ ಎಂಬುದು ಆ ಸೊಸೈಟಿ ಆರಂಭದಲ್ಲೇ ಒಪ್ಪಿಕೊಂಡ ನಿಯಮ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಕಾಂಗ್ರಿಗೇಶನಲ್ ಮತ್ತು ಪ್ರೆಸ್ಬಿಟೇರಿಯನ್ ಪರಂಪರೆಯವರು ಸೇರಿ ದಕ್ಷಿಣ ಭಾರತ ಸಭೆಯನ್ನು ಕಟ್ಟಿದರು. ಪ್ರಾಚೀನ ವಿಶ್ವಾಸಪ್ರಮಾಣಗಳನ್ನು ಒಪ್ಪಿಕೊಂಡೇ, ಅವನ್ನು ಅರ್ಥೈಸುವುದರಲ್ಲಿ ಒಂದು ಮಿತಿಯ ಸ್ವಾತಂತ್ರ್ಯಕ್ಕೂ ಅಲ್ಲಿ ಎಡೆಯಿಟ್ಟರು. ಇಂಗ್ಲೆಂಡಿನಲ್ಲಿ ಆ ಪಂಗಡಗಳು ಚರ್ಚ್ ಆಫ್ ಇಂಗ್ಲೆಂಡಿನ ಜತೆ ಇಂದಿಗೂ ಒಂದಾಗಿಲ್ಲ.