ಒಂದೇ ಮನೆಯಲ್ಲಿ ಎರಡು ವಿಧಿ

ತಪಸ್ಸುಕಾಲಕ್ಕೆ ಹಲವು ತಿಂಗಳು ಮುಂಚೆ ನಮ್ಮ ಧರ್ಮಕೇಂದ್ರದ ಗೃಹಸ್ಥರೊಬ್ಬರು ಅರ್ಜಿ ಹಿಡಿದು ಬಂದರು. ಪತಿ, ಪತ್ನಿ ಇಬ್ಬರೂ ಹುಟ್ಟಿನಿಂದ ಲತೀನ್ ವಿಧಿಯವರು. ಈಗ ಸಿರೋ-ಮಲಬಾರ್ ಧರ್ಮಸಭೆಗೆ ಸೇರಲು ಇಚ್ಛಿಸಿದ್ದರು. ಅರ್ಜಿ ಓದಿ ನನಗೆ ನೋವಾಯಿತೆಂಬುದನ್ನು ಮರೆಮಾಚಲಾರೆ. ನನ್ನಿಂದೇನಾದರೂ ತಪ್ಪಾಯಿತೇ ಎಂದೇ ಮೊದಲು ಕೇಳಿದೆ.

ಅಂಥದ್ದೇನೂ ಇರಲಿಲ್ಲ. ಬೆಳ್ತಂಗಡಿಯ ಸುತ್ತಿನ ಗ್ರಾಮಗಳಲ್ಲಿ ಕೇರಳದಿಂದ ಬಂದು ನೆಲೆಸಿದ ಸಿರೋ-ಮಲಬಾರ್ ಕೃಷಿಕರು ಬಹಳ. 1999ರಲ್ಲಿ ಜಗದ್ಗುರು ದ್ವಿತೀಯ ಜಾನ್ ಪಾಲರು ಅವರಿಗಾಗಿ ಬೆಳ್ತಂಗಡಿ ಧರ್ಮಪ್ರಾಂತ್ಯವನ್ನು ಸ್ಥಾಪಿಸಿದರು. ಈ ಕುಟುಂಬದ ಮನೆಗೆ ಅವರ ದೇವಾಲಯವೇ ಹತ್ತಿರ. ಹನ್ನೆರಡು ವರ್ಷಗಳಿಂದ ಅಲ್ಲಿಯೇ ಬಲಿಪೂಜೆ, ಅಲ್ಲಿಯೇ ಮಕ್ಕಳ ಧರ್ಮೋಪದೇಶ.

"ಅದಕ್ಕೆ ವಿಧಿ ಬದಲಾಯಿಸುವ ಅಗತ್ಯವೇ ಇಲ್ಲವಲ್ಲ!" ಎಂದೆ. ಸತ್ಯವೇ. ಕಥೋಲಿಕರು ಯಾವ ಕಥೋಲಿಕ ವಿಧಿಯಲ್ಲಾದರೂ ಪರಮಪ್ರಸಾದ ಸ್ವೀಕರಿಸಬಹುದು. ಎಷ್ಟು ವರ್ಷ ಸ್ವೀಕರಿಸಿದರೂ ಅದರಿಂದಲೇ ಸದಸ್ಯತ್ವ ಬದಲಾಗದು. ಅವರೆಂದರು: "ಹನ್ನೆರಡು ವರ್ಷ ಅತಿಥಿಗಳಾಗಿದ್ದೆವು, ಸ್ವಾಮಿ. ಇನ್ನು ಮನೆಯವರಾಗಬೇಕು."

ಗುರುಮಠದಲ್ಲಿ ಅರಿಸ್ಟಾಟಲನನ್ನು ಓದುವಾಗ ಸಾರ ಬೇರೆ, ಆಗಂತುಕ ಗುಣ ಬೇರೆ ಎಂದು ಕಲಿತೆವು. ವಿಶ್ವಾಸ ಸಾರ, ವಿಧಿ ಹೊರಗಿನ ಉಡುಪು ಎಂದು ನಾನೂ ಬಹುಕಾಲ ತಿಳಿದಿದ್ದೆ. ಆದರೆ ಅದ್ದಾಯಿ-ಮಾರಿಯರ ಹೆಸರಿನ ಪುರಾತನ ಪ್ರಾರ್ಥನೆಯಲ್ಲಿ ಬೆಳೆದವನಿಗೆ ಅದು ಕಳಚಿಡುವ ಅಂಗಿಯೇ? 1964ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಪೌರಸ್ತ್ಯ ಧರ್ಮಸಭೆಗಳಿಗೂ ಪಾಶ್ಚಾತ್ಯಕ್ಕೂ ಸಮಾನ ಘನತೆಯನ್ನು ಘೋಷಿಸಿತು. ಅದನ್ನು ಪಾಠ ಮಾಡುವುದು ಸುಲಭ. ನಮ್ಮ ಪುಸ್ತಕದಿಂದ ಹೆಸರು ಹೋಗುವಾಗ ಒಪ್ಪುವುದು ಕಷ್ಟ.

ಕಾನೂನಿನ ಪ್ರಕಾರ ಇಂಥ ಬದಲಾವಣೆಗೆ ರೋಮಿನ ಪೀಠದ ಸಮ್ಮತಿ ಬೇಕು. ಆದರೆ ಒಂದೇ ಪ್ರದೇಶದಲ್ಲಿ ಎರಡೂ ಸಭೆಗಳ ಧರ್ಮಾಧ್ಯಕ್ಷರಿದ್ದು, ಇಬ್ಬರೂ ಲಿಖಿತವಾಗಿ ಒಪ್ಪಿದರೆ, ಆ ಸಮ್ಮತಿ ದೊರೆತಂತೆಯೇ ಎಂಬುದು 1992ರಿಂದ ಲತೀನರಿಗೂ ಅನ್ವಯಿಸುತ್ತದೆ. ಬಳಿಕ ಇಬ್ಬರು ಸಾಕ್ಷಿಗಳ ಮುಂದೆ ಘೋಷಣೆ, ದೀಕ್ಷಾಸ್ನಾನದ ದಾಖಲೆಯಲ್ಲಿ ಟಿಪ್ಪಣಿ. ಹದಿನಾಲ್ಕು ತುಂಬದ ಮಕ್ಕಳು ತಂದೆತಾಯಿಯರೊಡನೆ ತಾವಾಗಿಯೇ ಸೇರುತ್ತಾರೆ.

ತೊಡಕು ಬಂದದ್ದು ಇಲ್ಲಿಯೇ. ಮಗನಿಗೆ ಹತ್ತು, ಮಗಳಿಗೆ ಹದಿನೈದು. ಅವಳ ಪರವಾಗಿ ಯಾರೂ ಸಹಿ ಹಾಕುವಂತಿಲ್ಲ. ತಂದೆ ಒತ್ತಾಯಿಸಿದರು, ತಾಯಿ ಅತ್ತರು. ಹುಡುಗಿ ಮಾತ್ರ, "ಅಜ್ಜ ಒಬ್ಬರೇ ಆಗುತ್ತಾರೆ," ಎಂದಳು. ಅಜ್ಜನಿಗೆ ಎಂಬತ್ತು ದಾಟಿದೆ. ಅಜ್ಜಿಯ ಸಮಾಧಿ ನಮ್ಮ ಅಂಗಳದಲ್ಲಿದೆ. ಅವಳನ್ನು ಬಲವಂತ ಮಾಡಕೂಡದೆಂದು ತಂದೆಗೆ ಖಂಡಿತವಾಗಿ ಹೇಳಿದೆ. ನಮ್ಮ ಸಂಖ್ಯೆ ಉಳಿಯಲೆಂದು ಹೇಳಿದೆನೇ ಎಂಬ ಅನುಮಾನ ಆ ರಾತ್ರಿ ನನ್ನನ್ನು ಕಾಡಿತು.

ಎರಡೂ ಕಡೆಯ ಒಪ್ಪಿಗೆ ಬಂದ ಮೇಲೆ ಮೂರು ಹೆಸರುಗಳ ಎದುರು ನಾನೇ ಟಿಪ್ಪಣಿ ಬರೆದೆ. ಸಿರೋ-ಮಲಬಾರ್ ಸಭೆಯಲ್ಲಿ ವಿಭೂತಿ ಸೋಮವಾರವೇ. ತಪಸ್ಸುಕಾಲದ ಆ ಸೋಮವಾರ ತಂದೆ, ತಾಯಿ, ಮಗ ಹಣೆಗೆ ವಿಭೂತಿ ಪಡೆದು ಬಂದರು. ಬುಧವಾರ ಮುಂಜಾನೆ ಅಜ್ಜನ ಕೈ ಹಿಡಿದು ಹುಡುಗಿ ನಮ್ಮ ದೇವಾಲಯಕ್ಕೆ ಬಂದಳು. ಜೀಪಿನಲ್ಲಿ ಇಬ್ಬರನ್ನೂ ಕರೆತಂದು, ಹಿಂದಿನ ಬೆಂಚಿನಲ್ಲಿ ಕುಳಿತು ಕಾದವರು ಅವಳ ತಂದೆ.