ಕಥೆ ನಿಮ್ಮದು, ವೇಷ ಅವರದು

ಈ ನಾಟಕಕ್ಕೆ ಬರೆದಿಟ್ಟ ಮಾತಿಲ್ಲ, ತಾಲೀಮು ಮಾಡಿದ ದೃಶ್ಯವಿಲ್ಲ. ರಂಗದ ಮೇಲೆ ನಾಲ್ಕೈದು ಮರದ ಪೆಟ್ಟಿಗೆ, ಒಂದಷ್ಟು ಬಣ್ಣದ ಬಟ್ಟೆ, ಮೂಲೆಯಲ್ಲಿ ವಾದ್ಯ ಹಿಡಿದು ಕೂತ ಸಂಗೀತಗಾರ. ಪಕ್ಕಕ್ಕೆ ಎರಡು ಕುರ್ಚಿ. ಒಂದರಲ್ಲಿ ಕಂಡಕ್ಟರ್ ಎಂದು ಕರೆಯುವ ಸೂತ್ರಧಾರ. ಇನ್ನೊಂದು ಖಾಲಿ. ಪ್ರೇಕ್ಷಕರಲ್ಲೊಬ್ಬರು ಎದ್ದು ಬಂದು ಅಲ್ಲಿ ಕೂತು ತಮ್ಮ ಬದುಕಿನ ಪ್ರಸಂಗವೊಂದನ್ನು ಹೇಳಿದರೆ ಕಥೆ ಹುಟ್ಟಿತು.

ಇದು ಪ್ಲೇಬ್ಯಾಕ್ ಥಿಯೇಟರ್. ಜೊನಾಥನ್ ಫಾಕ್ಸ್ ಮತ್ತು ಅವರ ಪತ್ನಿ, ನ್ಯೂಜಿಲೆಂಡ್ ಮೂಲದ ಜೋ ಸಾಲಸ್, ಗೆಳೆಯರನ್ನು ಕಟ್ಟಿಕೊಂಡು 1975ರಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಕಣಿವೆಯಲ್ಲಿ ಶುರುಮಾಡಿದ್ದು. ಅಮೆರಿಕದ ಪೀಸ್ ಕೋರ್ ಸೇವಾ ಸಂಸ್ಥೆಯ ಸ್ವಯಂಸೇವಕರಾಗಿ ನೇಪಾಳದಲ್ಲಿದ್ದ ಫಾಕ್ಸ್‌ಗೆ ಬಾಯಿಂದ ಬಾಯಿಗೆ ಬರುವ ಕಥೆಗಳ ಮೇಲೆ ಒಲವು. ಮನೋವೈದ್ಯ ಮೊರೆನೊ ರೂಪಿಸಿದ ಸೈಕೋಡ್ರಾಮಾ, ಅಂದರೆ ನಾಟಕದ ಮೂಲಕ ಮನಸ್ಸಿಗೆ ಚಿಕಿತ್ಸೆ, ಇದರ ಇನ್ನೊಂದು ಬೇರು. ಆದರೆ ಅಲ್ಲಿ ನೊಂದವರೇ ಎದ್ದು ತಮ್ಮ ಪಾತ್ರ ಮಾಡಬೇಕು. ಇಲ್ಲಿ ಹೇಳಿದವರು ಕೂತು ನೋಡುತ್ತಾರೆ. ಈ ಕಲೆಯ ಜೀವ ಇರುವುದು ಇಲ್ಲೇ ಎಂದು ನನ್ನ ಅನಿಸಿಕೆ.

ಹೊಸ ಊರಿಗೆ ವರ್ಗವಾಗಿ ಬಂದ ಮೇಷ್ಟ್ರೊಬ್ಬರು ಬಾಡಿಗೆ ಮನೆ ಕೇಳಲು ಹೋದರು, ಅಡ್ವಾನ್ಸಿನ ಮಾತೆಲ್ಲ ಮುಗಿದ ಮೇಲೆ ಮನೆ ಮಾಲೀಕರು ಮೆಲ್ಲಗೆ ಜಾತಿ ಕೇಳಿದರು. ಈ ಕಥೆ ಬಂತೆನ್ನಿ. ಕಂಡಕ್ಟರ್ ಹೆಚ್ಚು ಕೆದಕುವುದಿಲ್ಲ. ಎಲ್ಲಿ, ಯಾವಾಗ, ಜೊತೆಗೆ ಯಾರಿದ್ದರು? ಆಮೇಲೆ, ನಿಮ್ಮ ಪಾತ್ರ ಯಾರು ಮಾಡಲಿ? ಮೇಷ್ಟ್ರು ಬೊಟ್ಟು ಮಾಡಿದವರು ಎದ್ದು ನಿಲ್ಲಬೇಕು. ಹೆಣ್ಣೋ ಗಂಡೋ, ವಯಸ್ಸೆಷ್ಟೋ, ಲೆಕ್ಕಕ್ಕಿಲ್ಲ. 'ನೋಡೋಣ' ಎಂದು ಕಂಡಕ್ಟರ್ ಹೇಳಿದ ಮೇಲೆ ನಟರು ತಮ್ಮತಮ್ಮಲ್ಲಿ ಗುಸುಗುಸು ಮಾತಾಡಿಕೊಳ್ಳುವಂತಿಲ್ಲ. ಸಂಗೀತ ಏಳುತ್ತಿದ್ದಂತೆ ಜಾಗ ಹಿಡಿದು ಆಡಿಬಿಡಬೇಕು. ಮುಗಿದ ಮೇಲೆ ಎಲ್ಲರೂ ಮೇಷ್ಟ್ರ ಕಡೆಗೆ ತಿರುಗಿ ನಿಲ್ಲುತ್ತಾರೆ. ಕೊನೆಯ ಮಾತು ಅವರದೇ.

ತಾಳಮದ್ದಳೆ ಕಂಡ ನಮಗೆ ಆಶುಮಾತು ಹೊಸದಲ್ಲ. ಅಲ್ಲಿ ಪ್ರಸಂಗ ಎಲ್ಲರಿಗೂ ಗೊತ್ತು. ಜನ ಕೂರುವುದು ಅರ್ಥಧಾರಿಯ ಚಾತುರ್ಯಕ್ಕೆ. ಇಲ್ಲಿ ಚಾತುರ್ಯ ಮುಂದೆ ಬಂದರೆ ಕಥೆ ಕೆಟ್ಟಿತು. ಬಾಯಿಗಿಂತ ಕಿವಿ ಚುರುಕಾದ ನಟ ಬೇಕು.

ಆಟ ಮುಗಿದ ಮೇಲೆ ಚರ್ಚೆಯಿಲ್ಲ, ತೀರ್ಪಿಲ್ಲ. ಉತ್ತರವಾಗಿ ಬರುವುದು ಇನ್ನೊಂದು ಕಥೆ. ಮೇಷ್ಟ್ರ ನಂತರ ಆ ಕುರ್ಚಿಗೆ ಬರುವವಳು, ಅಪ್ಪ ಹಾಗೆ ಜಾತಿ ಕೇಳುವಾಗ ಬಾಗಿಲ ಹಿಂದೆ ನಿಂತಿದ್ದ ಮಗಳಾಗಿರಬಹುದು. ಕಥೆಯಿಂದ ಕಥೆಗೆ ಹಾಯುವ ಈ ಎಳೆಯನ್ನು ಈ ರಂಗದವರು 'ಕೆಂಪು ದಾರ' ಎನ್ನುತ್ತಾರೆ. ವಾದದಲ್ಲಿ ಒಪ್ಪದವರೂ ಕಥೆಯ ಪಕ್ಕ ಕಥೆ ಇಟ್ಟು ಕೂರಬಲ್ಲರು.

1980ರ ಹೊತ್ತಿಗೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮುಟ್ಟಿದ ಈ ಪ್ರಕಾರಕ್ಕೆ 1990ರಲ್ಲಿ ಅಂತರರಾಷ್ಟ್ರೀಯ ಜಾಲವೂ ಆಯಿತು. ಪ್ಯಾಲೆಸ್ಟೀನಿನ ಜೆನಿನ್‌ನ ಫ್ರೀಡಂ ಥಿಯೇಟರ್ ತನ್ನ 'ಫ್ರೀಡಂ ಬಸ್'ನಲ್ಲಿ ಇದನ್ನು ಪಶ್ಚಿಮ ದಂಡೆಯ ಹಳ್ಳಿಗಳಿಗೆ ಒಯ್ದಿತು. ಚೆನ್ನೈ, ಬೆಂಗಳೂರುಗಳಲ್ಲೂ ತಂಡಗಳಿವೆ.

ನನಗೊಂದು ತಕರಾರಿದೆ. ಅವಮಾನ ಉಂಡವರು ಕುರ್ಚಿಗೆ ಬಂದು ಬಿಚ್ಚಿಡಬೇಕು, ಉಣಿಸಿದವರ ಕಡೆಯವರು ಕಣ್ಣೊರೆಸಿಕೊಂಡು ಮನೆಗೆ ಹೋಗಬಹುದು. ಮೇಷ್ಟ್ರಿಗೆ ಮನೆಯಂತೂ ಸಿಗಲಿಲ್ಲ. ನಟರೆಲ್ಲ ಒಂದೇ ಜಾತಿ, ವರ್ಗದವರಾದರೆ ಆ ನೋವು ಅವರ ಕೈಯಲ್ಲಿ ಬರೀ ಅಭಿನಯವಾಗಿಬಿಡುವ ಅಪಾಯವೂ ಇದೆ. ಇತರರ ಕಥೆ ಆಡುವ ಹಕ್ಕು ಮತ್ತು ಹೊಣೆಯನ್ನೇ ಕುರಿತು ಪ್ಲೇಬ್ಯಾಕ್ ರಂಗದವರೇ ಆದ ನಿಕ್ ರೋ 2007ರಲ್ಲಿ ಒಂದು ಪುಸ್ತಕ ಬರೆದಿದ್ದಾರೆ. ತಂಡಗಳು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ.

ನೋಡಲು ಹೋದವರು ಕಥೆ ಹೇಳಲೇಬೇಕೆಂದಿಲ್ಲ. ಆರಂಭದಲ್ಲಿ ಕಂಡಕ್ಟರ್ 'ಇವತ್ತು ದಿನ ಹೇಗಿತ್ತು?' ಎಂಬಂಥ ಸಣ್ಣ ಪ್ರಶ್ನೆ ಕೇಳುತ್ತಾರೆ. ಕೂತಲ್ಲಿಂದಲೇ 'ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕಳೆಯಿತು' ಎಂದರೂ ಸಾಕು. ನಟರು ಒಬ್ಬರ ಹಿಂದೊಬ್ಬರು ಬಂದು ಅದನ್ನೇ ನಿಮಿಷದೊಳಗೆ ಮೈಯಲ್ಲಿ, ದನಿಯಲ್ಲಿ ತೋರಿಸಿಬಿಡುತ್ತಾರೆ.